ಆಟದ ಪೀರಿಯಡ್ಡು ಎಲ್ಲರದೂ
ಹೋಬಳಿ ಮಟ್ಟದ ಕ್ರೀಡಾಕೂಟಗಳ ಕಾಲವಿದು. ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳಲ್ಲಿ ಈ ವಾರ ಕಬಡ್ಡಿ, ಖೊಖೊ ತಂಡಗಳ ಆಯ್ಕೆಯದೇ ಮಾತು. ತಂಡಕ್ಕೆ ಚುರುಕಾದವರನ್ನೇ ಆರಿಸಲಿ, ತಕರಾರಿಲ್ಲ. ನನ್ನ ತಕರಾರು ದಿನನಿತ್ಯದ ಆಟದ ಪೀರಿಯಡ್ಡಿನದು. ಕಣ್ಣು ಕಾಣದ, ಕಾಲು ಬಾರದ, ಕಲಿಕೆ ನಿಧಾನವಾದ ಮಗುವನ್ನು ಆಗ ಮರದ ನೆರಳಲ್ಲಿ ಕೂರಿಸುವುದನ್ನು ನಾವು ಕರುಣೆ ಎಂದುಕೊಂಡಿದ್ದೇವೆ. ನಿಧಾನವಾಗಿ ಉಣ್ಣುತ್ತದೆಂದು ಯಾವ ಮಗುವನ್ನಾದರೂ ಬಿಸಿಯೂಟದ ಪಂಕ್ತಿಯಿಂದ ಎಬ್ಬಿಸುತ್ತೇವೆಯೇ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪಾಠದ ಜೊತೆಗೇ ಆಟದ ಸಮಾನ ಅವಕಾಶವನ್ನೂ ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದ ಅಂಗವಿಕಲ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆನ್ನುತ್ತದೆ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕೆಂದು ನಡೆಸುವ ಒಂದು ದಿನದ ಪ್ರತ್ಯೇಕ ಸ್ಪರ್ಧೆ ಅದನ್ನು ತುಂಬಿಕೊಡಲಾರದು. ಬಿದ್ದು ಪೆಟ್ಟಾದರೆ ಯಾರು ಹೊಣೆ ಎಂಬ ಮೇಷ್ಟರ ಅಂಜಿಕೆ ಸುಳ್ಳಲ್ಲ. ಆದರೆ ಕೂತೇ ಬೆಳೆದ ಮೈಯಲ್ಲಿ ಸ್ನಾಯು ಸೋಲುತ್ತದೆ, ಸಮತೋಲನ ಕಲಿಯುವುದಿಲ್ಲ. ಆ ಪೆಟ್ಟು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ದೈಹಿಕ ಶಿಕ್ಷಕರೇ ಇಲ್ಲದ ಶಾಲೆಗಳಿವೆ, ನಿಜ. ಸದ್ದು ಮಾಡುವ ಚೆಂಡಿಗೆ, ಕಿವಿ ಕೇಳದವರಿಗಾಗಿ ಸೀಟಿಯ ಬದಲು ಬೀಸುವ ಬಾವುಟಕ್ಕೆ, ಜೊತೆಗಾರನ ಕೈಯ ಹಗ್ಗ ಹಿಡಿದು ಓಡುವುದಕ್ಕೆ ತಜ್ಞರು ಬೇಕಿಲ್ಲ; ಹೆಚ್ಚಿನದಕ್ಕೆ ತಾಲ್ಲೂಕಿನ ಬಿ.ಐ.ಇ.ಆರ್.ಟಿ. (ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರನ್ನು ಕೇಳಬಹುದು. ಶಾಲಾ ಮೈದಾನ ಸಮತಟ್ಟು ಮಾಡಿಸುವ ಪಂಚಾಯಿತಿಗಳು ಗಾಲಿಕುರ್ಚಿ ಉರುಳುವಷ್ಟು ಗಟ್ಟಿ ದಾರಿಯೊಂದನ್ನು ಈ ವರ್ಷದ ಅಂದಾಜುಪಟ್ಟಿಗೇ ಸೇರಿಸಲಿ.