ಸೇವೆಗೊಂದು ರೂಪ ಬೇಕು

ಧರ್ಮಕೇಂದ್ರದ ವಾರ್ಷಿಕ ಹಬ್ಬ ಸಮೀಪಿಸಿದಾಗ ಸ್ವಯಂಸೇವಕರಿಗೆ ಕೊರತೆಯಿರುವುದಿಲ್ಲ. ಚಪ್ಪರ ಕಟ್ಟಲು, ಊಟ ಬಡಿಸಲು, ಮೆರವಣಿಗೆಯನ್ನು ನಡೆಸಲು ಯುವಜನರು ತಾವಾಗಿಯೇ ಮುಂದೆ ಬರುತ್ತಾರೆ. ಮೂರು ತಿಂಗಳ ಬಳಿಕ ರೋಗಿಗಳ ಭೇಟಿಗೆ ಕರೆದರೆ ಅವರೇ ಕಾಣಸಿಗುವುದಿಲ್ಲ. ಇಂದಿನವರಲ್ಲಿ ಸೇವಾ ಮನೋಭಾವವೇ ಇಲ್ಲವೆಂದು ಹಿರಿಯರು ನೊಂದುಕೊಳ್ಳುತ್ತಾರೆ.

ಈ ಮಾತನ್ನು ನಾವು ಒಪ್ಪಲಾರೆವು. ಹಬ್ಬದ ದಿನ ಪ್ರತಿಯೊಬ್ಬರಿಗೂ ತಮ್ಮ ಕೆಲಸ ಯಾವುದು, ಅದು ಯಾವಾಗ ಮುಗಿಯುತ್ತದೆ, ಜೊತೆಗೆ ಯಾರಿರುತ್ತಾರೆ ಎಂಬುದು ತಿಳಿದಿರುತ್ತದೆ. ಉಳಿದ ದಿನಗಳಲ್ಲಿ ಅವರ ಹೆಸರನ್ನು ಸಮಿತಿಯ ಪಟ್ಟಿಗೆ ಸೇರಿಸಿ, ‘ಬಿಡುವಾದಾಗ ಬಂದು ಕೈಜೋಡಿಸಪ್ಪ’ ಎಂದು ಸುಮ್ಮನಾಗುತ್ತೇವೆ. ಗೊತ್ತಾದ ಕೆಲಸವಿಲ್ಲದೆಡೆ ಉತ್ಸಾಹ ಹೆಚ್ಚು ಕಾಲ ಬಾಳದು.

ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಇತಿಹಾಸ ಇಲ್ಲಿ ಸ್ಮರಣೀಯ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಆರಂಭಿಸಿದ ಫ್ರೆಡರಿಕ್ ಓಜಾನಾಂ ಇಪ್ಪತ್ತರ ಹರೆಯದ ವಿದ್ಯಾರ್ಥಿ. ಬಡವರ ಸೇವೆಯಲ್ಲಿ ಅನುಭವವಿಲ್ಲದ ಆ ಗೆಳೆಯರಿಗೆ ಧರ್ಮಭಗಿನಿ ರೊಜಾಲಿ ರಾಂದು ಭೇಟಿ ನೀಡಬೇಕಾದ ಕುಟುಂಬಗಳನ್ನೇ ತೋರಿಸಿಕೊಟ್ಟರು. ಅವರು ಆ ಮನೆಗಳಿಗೆ ಹೋಗುತ್ತಿದ್ದರು. ವಾರಕ್ಕೊಮ್ಮೆ ಸಭೆ ಸೇರಿ ತಾವು ಕಂಡ ಕಷ್ಟಗಳನ್ನು ಹಂಚಿಕೊಳ್ಳುತ್ತಿದ್ದರು. ಸದಸ್ಯರ ಸಂಖ್ಯೆ ನೂರನ್ನು ಮುಟ್ಟಿದಾಗ, ಕೆಲವರ ಮನಸ್ಸಿಗೆ ನೋವಾದರೂ, 1835ರ ಹೊತ್ತಿಗೆ ಸಭೆಯನ್ನು ಚಿಕ್ಕ ಗುಂಪುಗಳಾಗಿ ವಿಂಗಡಿಸಲಾಯಿತು. ಚಿಕ್ಕ ಗುಂಪಿನಲ್ಲಿ ಒಬ್ಬರು ಬಾರದಿದ್ದರೂ ಉಳಿದವರಿಗೆ ತಿಳಿಯುತ್ತದೆ. ಅವರ ದಾರಿ ಕಾಯುವ ಒಂದು ಮನೆಯೂ ಇರುತ್ತದೆ. ಆ ಸಭೆ ಇಂದು ಸುಮಾರು 150 ದೇಶಗಳಲ್ಲಿದೆ.

ನಮ್ಮಲ್ಲಿ ಇನ್ನೊಂದು ದೋಷವೂ ಉಂಟು. ದುಡಿಯುವ ಎತ್ತಿನ ಮೇಲೆಯೇ ಹೇರು ಹೆಚ್ಚು. ಚೆನ್ನಾಗಿ ಕೆಲಸ ಮಾಡುವವರಿಗೆ ಗಾಯನ ವೃಂದ, ಧರ್ಮೋಪದೇಶ, ಲೆಕ್ಕಪತ್ರ ಎಲ್ಲವನ್ನೂ ಹೊರಿಸುತ್ತೇವೆ. ಹತ್ತು ವರ್ಷ ಕಳೆದರೂ ಬಿಡುಗಡೆ ಮಾಡುವುದಿಲ್ಲ. ಅವರು ಬಳಲುತ್ತಾರೆ, ಹೊಸಬರು ಸ್ಥಳವಿಲ್ಲವೆಂದು ಹಿಂದೆ ಸರಿಯುತ್ತಾರೆ. ಸೇವೆಯ ಅವಧಿ ಮೊದಲೇ ಗೊತ್ತಿದ್ದರೆ ಒಪ್ಪಿಕೊಳ್ಳುವುದೂ ಸುಲಭ, ಗೌರವದಿಂದ ಬಿಟ್ಟುಕೊಡುವುದೂ ಸುಲಭ.

ಆದುದರಿಂದ ನಮ್ಮ ಪಾಲನಾ ಸಮಿತಿಗಳು ಹೊಸ ಸ್ವಯಂಸೇವಕರಿಗೆ ಒಂದು ನಿಶ್ಚಿತ ಕೆಲಸ, ಒಬ್ಬ ಅನುಭವಿ ಜೊತೆಗಾರ, ಒಂದು ಕಾಲಮಿತಿ ಇವಿಷ್ಟನ್ನು ಗೊತ್ತುಪಡಿಸಲಿ. ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದರು. ಅವರು ಹಿಂದಿರುಗಿ ಬಂದು ನಡೆದುದನ್ನೆಲ್ಲ ವರದಿ ಮಾಡಿದಾಗ ಕೇಳಿ, ವಿಶ್ರಾಂತಿಗೆ ಕರೆದೊಯ್ದರು. ಮನೆಗಳಲ್ಲಿ ಹಾಸಿಗೆ ಹಿಡಿದಿರುವ ಹಿರಿಯರು ಮುಂದಿನ ವಾರವೂ ಯಾರಾದರೂ ಬರುವರೇ ಎಂದು ಎದುರು ನೋಡುತ್ತಿದ್ದಾರೆ. ಅವರ ನಿರೀಕ್ಷೆ ಹುಸಿಯಾಗದಂತೆ ಏರ್ಪಾಡು ಮಾಡುವುದು ನಮ್ಮೆಲ್ಲರ ಹೊಣೆ.