ಮನೆವಾರ್ತೆ: ಹೊಸ ಪೆಟ್ಟಿಗೆ, ಹಳೆಯ ತಂತಿ

ಪಿರಿಯಾಪಟ್ಟಣದ ಕಡೆಯ ಸೋದರಿಯೊಬ್ಬರು ಕೇಳಿದ್ದಾರೆ: “ಮನೆಗೆ ಫೈಬರ್ ಬಂತು. ಫೋನೂ ಈಗ ಇಂಟರ್ನೆಟ್ ಪೆಟ್ಟಿಗೆಯಿಂದಲೇ. ಪೆಟ್ಟಿಗೆ ಇರೋದು ಹಜಾರದಲ್ಲಿ, ಅತ್ತೆ ಮಲಗೋದು ಹಿಂದಿನ ಕೋಣೆಯಲ್ಲಿ. ಮೊಬೈಲ್ ಅವರ ಕೈಗೆ ಒಗ್ಗದು. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ನಮ್ಮ ಯಜಮಾನರು ರಾತ್ರಿಯೆಲ್ಲ ಬ್ಯಾರನ್ ಹತ್ತಿರವೇ. ಗೋಡೆಯಲ್ಲಿರುವ ಹಳೆಯ ಫೋನ್ ತಂತಿಯನ್ನೇ ಬಳಸಬಹುದೇ?”

ಧಾರಾಳವಾಗಿ ಬಳಸಬಹುದು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸೋದರಿಯರೂ ಇದನ್ನು ಓದಿಕೊಳ್ಳಿ. ಹಳೆಯ ತಾಮ್ರದ ತಂತಿ ಮನೆಯೊಳಗೆ ಚೆನ್ನಾಗಿದ್ದರೆ ಗೋಡೆ ಒಡೆಸುವ ಖರ್ಚಿಲ್ಲ. ಆದರೆ ಕೆಲಸ ಕ್ರಮವಾಗಿ ಆಗಬೇಕು.

ಮೊದಲು ಫೋನನ್ನು ನೇರವಾಗಿ ಪೆಟ್ಟಿಗೆಗೇ ಸಿಕ್ಕಿಸಿ. ಫೋನಿನ ತೂತು ಚಿಕ್ಕದು, ಇಂಟರ್ನೆಟ್ಟಿನದು ಅಗಲ. ಡಯಲ್ ಟೋನ್ ಕೇಳಿಸಿದರೆ ಪೆಟ್ಟಿಗೆ ಸರಿಯಾಗಿದೆ ಎಂದರ್ಥ.

ಎರಡನೆಯದು ಬಹಳ ಮುಖ್ಯ. ಬೀದಿಯಿಂದ ಬರುವ ಹಳೆಯ ತಂತಿ ಮನೆ ಹೊಕ್ಕುವ ಜಾಗದಲ್ಲಿ ಅದನ್ನು ಪೂರ್ತಿ ಬಿಡಿಸಿ, ಎರಡು ಎಳೆಗೂ ಬೇರೆ ಬೇರೆ ಟೇಪ್ ಸುತ್ತಿಸಿ. ಹಳೆಯ ಲೈನಿನಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಹರಿಯುತ್ತದೆ, ಗಂಟೆ ಹೊಡೆಯುವಾಗ ಇನ್ನೂ ಹೆಚ್ಚು. ಅದು ಹೊಸ ಪೆಟ್ಟಿಗೆಗೆ ಸೇರಿದರೆ ಪೆಟ್ಟಿಗೆ ಸುಟ್ಟೀತು. ಸತ್ತ ಲೈನಾದರೂ ಸಿಡಿಲು ಅದರಲ್ಲೇ ಒಳಗೆ ಬರಬಹುದು. ಇದನ್ನು ಲೈನ್‌ಮನ್ ಕೈಲೇ ಮಾಡಿಸಿ. ಗುಡುಗು ಮಳೆಯಲ್ಲಿ ಬೇಡವೇ ಬೇಡ.

ಆಮೇಲೆ ಪೆಟ್ಟಿಗೆಯ ಫೋನ್ ತೂತಿನಿಂದ ಹತ್ತಿರದ ಗೋಡೆಯ ಫೋನ್ ಸಾಕೆಟ್ಟಿಗೆ ಒಂದು ಚಿಕ್ಕ ತಂತಿ ಹಾಕಿದರೆ, ಹಿಂದಿನ ಕೋಣೆಯ ಫೋನಿಗೂ ಜೀವ ಬರುತ್ತದೆ. ಗಂಟೆ ಕ್ಷೀಣವಾದರೆ ಒಂದು ಫೋನನ್ನು ತೆಗೆದು ನೋಡಿ. ಬೆರಳಿಟ್ಟು ತಿರುಗಿಸುವ ಹಳೇ ಫೋನಿದ್ದರೆ, ಅದು ಬಡಿದುಕೊಂಡರೂ ಅದರಿಂದ ನಂಬರು ಹೋಗದೇ ಇರಬಹುದು. ಗುಂಡಿ ಒತ್ತುವ ಫೋನೇ ವಾಸಿ.

ಈಗ ನಿಜವಾದ ಚಿಂತೆ. ಹಳೆಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯೇ ಆಧಾರ. ಮನೆಯಲ್ಲಿ ಕರೆಂಟು ಹೋದರೂ ಮಾತಾಡಬಹುದಿತ್ತು. ಫೈಬರಿನಲ್ಲಿ ಬರೋದು ಬರೀ ಬೆಳಕು, ವಿದ್ಯುತ್ತಲ್ಲ. ಕರೆಂಟು ಹೋದರೆ ಪೆಟ್ಟಿಗೆ ಆರಿತು, ಅತ್ತೆಯ ಫೋನೂ ಮೂಕವಾಯಿತು! ಆದ್ದರಿಂದ ಪೆಟ್ಟಿಗೆಗೆ ಒಂದು ಪುಟ್ಟ ಯುಪಿಎಸ್ ಇಡಿ. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟಿಗೆ (ಸಾಮಾನ್ಯವಾಗಿ 12) ಹೊಂದುವಂಥದ್ದನ್ನೇ ಕೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಪ್ಲಗ್ಗಿಗೇ ಸಿಕ್ಕಿಸಿ.

ಇಷ್ಟಾದ ಮೇಲೆ ಒಂದು ಹಗಲು ಮೇನ್ ಸ್ವಿಚ್ ಆರಿಸಿ, ಅತ್ತೆಯವರ ಕೈಲೇ ನಿಮ್ಮ ಮೊಬೈಲಿಗೆ ಫೋನ್ ಮಾಡಿಸಿ. ಅವರ ಹಾಸಿಗೆಯ ಪಕ್ಕದ ಗೋಡೆಗೆ ಯಜಮಾನರ ನಂಬರನ್ನೂ, ತುರ್ತಿಗೆ 112 ಅನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಹಗಲಲ್ಲಿ ಒಮ್ಮೆ ಅಭ್ಯಾಸವಾದರೆ, ಕತ್ತಲಲ್ಲಿ ಅವರ ಕೈ ತಡವರಿಸುವುದಿಲ್ಲ.