ಸ್ತ್ರೀಕ್ರೀಡೆಯೂ ನಾಯಕತ್ವವೂ

ಒಂದು ನಾಡಿನಲ್ಲಿ ಹೆಣ್ಣುಮಕ್ಕಳ ಆಟ ಬೆಳೆದಿದೆಯೆಂದು ಏನನ್ನು ನೋಡಿ ಹೇಳಬೇಕು? ಗೆದ್ದು ಬಂದವಳ ಕೊರಳಿನ ಪದಕವನ್ನು ನೋಡಿಯೋ, ಅವಳ ಬೆನ್ನಿಗೆ ಅದೇ ಅಂಗಳಕ್ಕೆ ಇಳಿದ ಕಿರಿಯರನ್ನು ನೋಡಿಯೋ? ಮೇಲುನೋಟಕ್ಕೆ ಇವೆರಡೂ ಒಂದೇ ಎಂದು ತೋರಬಹುದು. ಒಬ್ಬಳು ಗೆದ್ದರೆ ನೂರು ಮಂದಿಗೆ ಸ್ಫೂರ್ತಿ ದೊರೆಯುವುದೆಂಬ ಮಾತು ನಮ್ಮ ಸನ್ಮಾನ ಸಭೆಗಳಲ್ಲಿ ಎಷ್ಟು ಸಲ ಕೇಳಿಬಂದಿದೆಯೆಂದರೆ, ಅದನ್ನು ಪರೀಕ್ಷಿಸಬೇಕೆಂಬ ವಿಚಾರವೇ ಯಾರಿಗೂ ಹೊಳೆಯುವುದಿಲ್ಲ. ಆದರೆ ಕ್ರೀಡೆಯ ಚರಿತ್ರೆಯನ್ನು ತುಸು ಸಾವಧಾನವಾಗಿ ಅವಲೋಕಿಸಿದವರಿಗೆ ಗೆಲುವಿಗೂ ಬೆಳವಣಿಗೆಗೂ ನಡುವೆ ಇರುವ ಅಂತರವು ಸ್ಪಷ್ಟವಾಗಿಯೇ ಗೋಚರಿಸುತ್ತದೆ. ಗೆಲುವು ಒಬ್ಬಳ ಪ್ರತಿಭೆಯಿಂದ ಬರಬಹುದು, ಒಂದು ದಿನದ ಅದೃಷ್ಟದಿಂದಲೂ ಬರಬಹುದು. ಆಟವೊಂದು ಒಂದು ಜನಸಮುದಾಯದಲ್ಲಿ ಬೇರೂರಬೇಕಾದರೆ, ತಮ್ಮ ಆಟದ ಕಾಲ ಮುಗಿದ ಮೇಲೆಯೂ ಅಂಗಳವನ್ನು ಬಿಡದೆ, ಸಂಘಗಳಲ್ಲಿ ಕುಳಿತು, ವೇತನಕ್ಕಾಗಿ ವಾದಿಸಿ, ಕಿರಿಯರಿಗೆ ಕಲಿಸಿ, ತಾವು ಪಟ್ಟ ಪಾಡು ಮುಂದಿನವರಿಗೆ ಬಾರದಂತೆ ನೋಡಿಕೊಂಡ ಕೆಲವರು ಇರಲೇಬೇಕು. ನಮ್ಮ ಕೊಂಡಾಟದ ಮೊದಲ ಪಾಲು ಸಲ್ಲಬೇಕಾದುದು ಇಂಥವರಿಗೆ.

ಈ ವಿಚಾರಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ಕಲಬುರಗಿಯವರು ದೂರ ಹೋಗಬೇಕಾಗಿಲ್ಲ. ತೊಗರಿಗೂ ಬಿಸಿಲಿಗೂ ಹೆಸರಾದ, ಶರಣಬಸವೇಶ್ವರರ ಗುಡಿಯೂ ಖಾಜಾ ಬಂದೇ ನವಾಜರ ದರ್ಗಾವೂ ಇರುವ ಈ ನಗರದ ಹೆಣ್ಣುಮಗಳೊಬ್ಬಳು, ನೂಶಿನ್ ಅಲ್ ಖದೀರ್, ಬಲಗೈ ಆಫ್ ಸ್ಪಿನ್ ಬೌಲರಾಗಿ ಭಾರತದ ತಂಡವನ್ನು ಸೇರಿ, 2003ರಲ್ಲಿ ಏಕದಿನ ಪಂದ್ಯಗಳ ಬೌಲರುಗಳ ಜಾಗತಿಕ ಶ್ರೇಯಾಂಕದಲ್ಲಿ ಮೊದಲನೆಯ ಸ್ಥಾನಕ್ಕೆ ಏರಿದರೆಂಬುದು, ಆಕೆ 78 ಏಕದಿನ ಪಂದ್ಯಗಳಲ್ಲಿ 100 ವಿಕೆಟುಗಳನ್ನು ಪಡೆದರೆಂಬುದು, ಇಂದಿಗೂ ಊರಿನ ಎಷ್ಟೋ ಮಂದಿಗೆ ತಿಳಿಯದ ಸಂಗತಿ. 2005ರ ಏಪ್ರಿಲ್ 10ರಂದು ದಕ್ಷಿಣ ಆಫ್ರಿಕದ ಸೆಂಚುರಿಯನ್ ಅಂಗಳದಲ್ಲಿ, ಭಾರತದ ಮಹಿಳೆಯರು ಮೊತ್ತಮೊದಲ ಬಾರಿಗೆ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನು ಆಡಿದಾಗ, ಆ ಹನ್ನೊಂದು ಮಂದಿಯಲ್ಲಿ ನೂಶಿನ್ ಇದ್ದರು. ಆಸ್ಟ್ರೇಲಿಯ 98 ರನ್ನುಗಳಿಂದ ಗೆದ್ದಿತು. ಸೋತು ಮರಳಿದ ಆ ತಂಡಕ್ಕೆ ದೊರೆತ ಸಂಭಾವನೆಯನ್ನು ನಾಯಕಿ ಮಿಥಾಲಿ ರಾಜ್ ಮುಂದೊಮ್ಮೆ ಬಹಿರಂಗವಾಗಿ ತಿಳಿಸಿದ್ದಾರೆ: ಪಂದ್ಯವೊಂದಕ್ಕೆ ತಲಾ 1,000 ರೂಪಾಯಿ. ವಿಶ್ವದ ಎರಡನೆಯ ತಂಡವೆಂಬ ಕೀರ್ತಿಗೆ ನಮ್ಮ ದೇಶ ಅಂದು ಕಟ್ಟಿದ ಬೆಲೆ ಅಷ್ಟೇ.

ಇಷ್ಟಕ್ಕೇ ಕಥೆ ಮುಗಿದಿದ್ದರೆ, ಅದು ಒಬ್ಬ ಸಮರ್ಥ ಆಟಗಾರ್ತಿಯ ವೃತ್ತಾಂತವಾಗಿ ಮಾತ್ರ ಉಳಿಯುತ್ತಿತ್ತು. ಆಡುವುದನ್ನು ನಿಲ್ಲಿಸಿದ ಬಳಿಕ ನೂಶಿನ್ ಶಿಕ್ಷಕಿಯಾದರು. ತಾವು ಹಿಂದೆ ಆಡಿದ್ದ ರೈಲ್ವೆ ತಂಡವನ್ನು ತರಬೇತುಗೊಳಿಸಿದರು. ಕಡೆಗೆ ಹತ್ತೊಂಬತ್ತು ವರ್ಷದೊಳಗಿನ ಭಾರತದ ಹುಡುಗಿಯರ ತಂಡದ ಹೊಣೆ ಅವರ ಪಾಲಿಗೆ ಬಂದಿತು. 2023ರ ಜನವರಿ 29ರಂದು, ಹದಿನೆಂಟು ವರ್ಷಗಳ ಹಿಂದೆ ತಾವು ಸೋತ ಅದೇ ದಕ್ಷಿಣ ಆಫ್ರಿಕದ ಪೊಚೆಫ್‌ಸ್ಟ್ರೂಮ್ ಎಂಬ ಊರಿನಲ್ಲಿ, ಅವರು ಕಲಿಸಿದ ಹುಡುಗಿಯರು ಇಂಗ್ಲೆಂಡನ್ನು 68 ರನ್ನುಗಳಿಗೆ ಉರುಳಿಸಿ, ಏಳು ವಿಕೆಟುಗಳಿಂದ ಗೆದ್ದು, ಆ ವಯೋಮಾನದ ಮೊದಲ ವಿಶ್ವಕಪ್ಪನ್ನು ಭಾರತಕ್ಕೆ ತಂದರು. ಆ ತಂಡದಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಸಣ್ಣ ಹಳ್ಳಿಯೊಂದರಿಂದ ಬಂದ ಅರ್ಚನಾ ದೇವಿ ಎಂಬ ಆಫ್ ಸ್ಪಿನ್ನರ್ ಇದ್ದಳು. ಅಂತಿಮ ಪಂದ್ಯದಲ್ಲಿ ಎರಡು ವಿಕೆಟುಗಳನ್ನು ಪಡೆದಳು. ಕಲಬುರಗಿಯ ಆಫ್ ಸ್ಪಿನ್ನರೊಬ್ಬಳ ಅನುಭವವು ಗಂಗಾತೀರದ ಹಳ್ಳಿಯ ಹುಡುಗಿಯ ಬೆರಳುಗಳಿಗೆ ಒದಗಿಬಂದ ಈ ಪ್ರಸಂಗವನ್ನು ನಾನು ನೂರು ವಿಕೆಟುಗಳ ಲೆಕ್ಕಕ್ಕಿಂತ ಮಿಗಿಲೆಂದು ಎಣಿಸುತ್ತೇನೆ. ವಿಕೆಟುಗಳು ಪಡೆದವರ ಹೆಸರಿನಲ್ಲಿಯೇ ನಿಲ್ಲುತ್ತವೆ. ಕಲಿಸಿದ ವಿದ್ಯೆ ಕೈಯಿಂದ ಕೈಗೆ ಸಾಗುತ್ತದೆ.

ನೂಶಿನ್ ಆಡುವ ಹೊತ್ತಿಗೆ ಅಂಗಳವೆಂಬುದೊಂದು ಇತ್ತಾದರೂ, ಅದನ್ನು ಅವರಿಗಿಂತ ಮುಂಚಿನವರು ಮಾಡಿಟ್ಟಿದ್ದರು. 1976ರ ಅಕ್ಟೋಬರಿನ ಕೊನೆಯಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ತಂಡದ ವಿರುದ್ಧ ಭಾರತದ ಮಹಿಳೆಯರು ತಮ್ಮ ಪ್ರಥಮ ಟೆಸ್ಟ್ ಪಂದ್ಯವನ್ನು ಆಡಿದಾಗ ನಾಯಕತ್ವ ವಹಿಸಿದವರು ನಮ್ಮ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಜಯ, ಮರುವರ್ಷದ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಭಾರತೀಯ ಮಹಿಳೆಯೊಬ್ಬಳ ಮೊದಲ ಟೆಸ್ಟ್ ಶತಕ, ಮಹಿಳಾ ಕ್ರಿಕೆಟ್ಟಿಗೆ ದೊರೆತ ಮೊದಲ ಅರ್ಜುನ ಪ್ರಶಸ್ತಿ, ಇವೆಲ್ಲವೂ ಅವರ ಹೆಸರಿನಲ್ಲಿವೆ. ಕಾಯ್ದಿರಿಸದ ರೈಲು ಡಬ್ಬಿಗಳಲ್ಲಿ, ಕ್ರಿಕೆಟ್ ಸಾಮಾನಿನ ಜೊತೆಗೆ ಹಾಸಿಗೆಯ ಸುರುಳಿಯನ್ನೂ ಹೊತ್ತುಕೊಂಡು, ಊರಿಂದೂರಿಗೆ ತಿರುಗಿ, ರಾತ್ರಿ ಸಾಮೂಹಿಕ ಕೊಠಡಿಯ ನೆಲದ ಮೇಲೆ ಮಲಗಿ, ಬೆಳಿಗ್ಗೆ ಎದ್ದು ದೇಶಕ್ಕಾಗಿ ಆಡಿದ ಆ ತಲೆಮಾರಿನವರ ಕಷ್ಟವನ್ನು ಈಗ ಎಲ್ಲರೂ ಕೊಂಡಾಡುತ್ತಾರೆ. ಆದರೆ ಕಷ್ಟವನ್ನು ಕೊಂಡಾಡುವುದರಲ್ಲಿ ಒಂದು ಅಪಾಯವಿದೆ: ಹೆಣ್ಣು ಆಡಬೇಕಾದರೆ ಕಷ್ಟಪಟ್ಟೇ ಆಡಬೇಕು, ಪಾಡುಪಡದವಳ ಗೆಲುವಿಗೆ ಅಷ್ಟು ಬೆಲೆಯಿಲ್ಲ ಎಂಬ ಭಾವನೆಗೆ ಅದು ಆಸ್ಪದ ಕೊಡುತ್ತದೆ. ಶಾಂತಾ ರಂಗಸ್ವಾಮಿಯವರ ಹಿರಿಮೆಯನ್ನು ನಾನು ಕಾಣುವುದು ಅವರು ಆ ಕಷ್ಟವನ್ನು ಸಹಿಸಿದುದರಲ್ಲಿ ಅಲ್ಲ. ಅದು ಮುಂದಿನವರಿಗೆ ಬೇಡವೆಂದು ದಶಕಗಳ ಕಾಲ ನಿಷ್ಠುರವಾಗಿ ಹೇಳುತ್ತ ಬಂದು, ಕೆನರಾ ಬ್ಯಾಂಕಿನ ಉನ್ನತ ಹುದ್ದೆಯಿಂದ ನಿವೃತ್ತರಾದ ಮೇಲೆ, 2019ರಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಅಪೆಕ್ಸ್ ಕೌನ್ಸಿಲಿನಲ್ಲಿ ಆಟಗಾರ್ತಿಯರ ಪ್ರತಿನಿಧಿಯಾಗಿ ಕುಳಿತುದರಲ್ಲಿ.

ಅನ್ನದ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಆಟದಿಂದ ಮನೆ ನಡೆಯುವುದಿಲ್ಲವೆಂದಾದರೆ ಮಧ್ಯಮ ವರ್ಗದ ಹುಡುಗಿ ಕಾಲೇಜಿನೊಂದಿಗೆ ಆಟವನ್ನೂ ಮುಗಿಸುತ್ತಾಳೆ, ಬಡವರ ಹುಡುಗಿ ಪ್ರೌಢಶಾಲೆಯಲ್ಲಿಯೇ ಮುಗಿಸುತ್ತಾಳೆ. ಮುಂಬಯಿಯ ಡಯಾನಾ ಎಡುಲ್ಜಿ, ತಾವು ಭಾರತದ ನಾಯಕಿಯಾಗಿದ್ದುದಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡಿದ್ದು, ರೈಲ್ವೆ ಇಲಾಖೆಯು ಮಹಿಳಾ ಕ್ರಿಕೆಟಿಗರಿಗೆ ಉದ್ಯೋಗ ಕೊಡುವಂತೆ ಬೆನ್ನುಹತ್ತಿ ಸಾಧಿಸಿದುದರಿಂದ. ಆ ನೌಕರಿಗಳು ಇಲ್ಲದೆ ಹೋಗಿದ್ದರೆ 2005ರ ಆ ತಂಡದ ಅನೇಕರು ಸೆಂಚುರಿಯನ್ನಿನ ಮುಖವನ್ನೇ ಕಾಣುತ್ತಿರಲಿಲ್ಲ. 2006ರಲ್ಲಿ ಮಹಿಳಾ ಕ್ರಿಕೆಟ್ ಸಂಸ್ಥೆಯು ಭಾರತೀಯ ಮಂಡಳಿಯಲ್ಲಿ ವಿಲೀನವಾಯಿತು. 2022ರ ಅಕ್ಟೋಬರಿನಲ್ಲಿ ಏಕದಿನ ಪಂದ್ಯಕ್ಕೆ 6 ಲಕ್ಷ ರೂಪಾಯಿಯಂತೆ, ಪುರುಷರಷ್ಟೇ ಪಂದ್ಯಶುಲ್ಕವನ್ನು ಮಹಿಳೆಯರಿಗೂ ಗೊತ್ತುಪಡಿಸಲಾಯಿತು. ಸಾವಿರದಿಂದ ಆರು ಲಕ್ಷದವರೆಗಿನ ಈ ದಾರಿಯನ್ನು ಯಾರೂ ಒಂದೇ ಗೆಲುವಿನಿಂದ ಕ್ರಮಿಸಲಿಲ್ಲ.

ಇಲ್ಲೊಂದು ಆಕ್ಷೇಪವನ್ನು ನ್ಯಾಯವಾಗಿಯೇ ಎತ್ತಬಹುದು. 1973ರಲ್ಲಿ ಲಖನೌದಲ್ಲಿ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆಯನ್ನು ಸ್ಥಾಪಿಸಿದವರು ಮಹೇಂದ್ರ ಕುಮಾರ್ ಶರ್ಮರೆಂಬ ಪುರುಷರು. ಎಷ್ಟೋ ಆಟಗಾರ್ತಿಯರ ಮೊದಲ ಗುರು ತಂದೆಯೋ ಅಣ್ಣನೋ ಆಗಿದ್ದಾನೆ. ಹೀಗಿರುವಲ್ಲಿ ಸ್ತ್ರೀಕ್ರೀಡೆಯನ್ನು ಮುನ್ನಡೆಸುವವರು ಸ್ತ್ರೀಯರೇ ಆಗಬೇಕೆಂಬ ಹಟವೇಕೆ? ಪುರುಷರ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಆದರೂ ನನ್ನ ಉತ್ತರ ಇಷ್ಟು: ಹುಡುಗಿಯರು ಆಟವನ್ನು ಬಿಡುವ ಕಾರಣಗಳಲ್ಲಿ ಬಹುಪಾಲು, ಗಂಡಸರ ಕಣ್ಣಿಗೆ ಕಾರಣಗಳಾಗಿಯೇ ಕಾಣುವುದಿಲ್ಲ.

ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಸಿಗುವ, ಕೆಂಪು ಬಾಳೆಹಣ್ಣಿಗೆ ಪ್ರಸಿದ್ಧವಾದ, ಈಚೆಗಷ್ಟೇ ತಾಲೂಕಿನ ಪದವಿಯನ್ನು ಪಡೆದ ಕಮಲಾಪುರದಂಥ ಊರಿನಲ್ಲಿ ಹುಡುಗಿಯರ ಖೋಖೋ ಪಂದ್ಯವೊಂದನ್ನು ನಿಂತು ನೋಡಿದರೆ ಇದು ತಿಳಿಯುತ್ತದೆ. ಸುಣ್ಣದ ಪುಡಿಯಿಂದ ಗೆರೆ ಎಳೆದ ಅಂಕಣ, ಎರಡು ಕಂಬ, ಎಂಟು ಮಂದಿ ಕುಳಿತ ಸಾಲು. ಓಡುವ ಸರದಿ ಬಂದ ಹುಡುಗಿ ಕೈಬಳೆಗಳನ್ನು ಕಳಚಿ ಗೆಳತಿಯ ಮಡಿಲಿಗೆ ಹಾಕಿ, ವೇಲನ್ನು ಸೊಂಟಕ್ಕೆ ಬಿಗಿದುಕೊಂಡು, ಕಂಬವನ್ನು ಹಿಡಿದು ಗಿರ್ರನೆ ತಿರುಗಿ ತಪ್ಪಿಸಿಕೊಳ್ಳುವ ವೇಗವನ್ನು ಕಂಡವರು ಪ್ರತಿಭೆಗೆ ಇಲ್ಲಿ ಕೊರತೆಯೆಂದು ಎಂದೂ ಹೇಳಲಾರರು. ಆದರೆ ಅವಳು ತಾಲೂಕಿನಲ್ಲಿ ಗೆದ್ದು ಜಿಲ್ಲಾಮಟ್ಟದ ಪಂದ್ಯಕ್ಕೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋಗಬೇಕಾದಾಗ, ಅವಳ ತಾಯಿ ಕೇಳುವ ಪ್ರಶ್ನೆ ಆಟವನ್ನು ಕುರಿತದ್ದಾಗಿರುವುದಿಲ್ಲ: ‘ಹೊತ್ತು ಮುಳುಗೋದ್ರೊಳಗ ನಮ್ಮ ಹುಡುಗಿ ಮನಿಗಿ ಬರ್ತಾಳೇನ್ರಿ ಟೀಚರ್? ಸಂಗಟ ಹೆಣ್ಣುಮಕ್ಕಳು ಯಾರರೆ ಇರ್ತೀರೇನ್ರಿ?’ ಈ ಎರಡು ಪ್ರಶ್ನೆಗಳಿಗೆ ‘ನಾನು ಇರ್ತೀನ್ರಿ ಅಕ್ಕ’ ಎಂದು ಧೈರ್ಯವಾಗಿ ಉತ್ತರಿಸಬಲ್ಲ ದೈಹಿಕ ಶಿಕ್ಷಕಿಯೊಬ್ಬಳು ಆ ಶಾಲೆಯಲ್ಲಿದ್ದರೆ ಹುಡುಗಿ ಹೋಗುತ್ತಾಳೆ. ಇಲ್ಲದಿದ್ದರೆ ಆ ವೇಗವೆಲ್ಲ ಅಲ್ಲಿಯೇ ನಿಲ್ಲುತ್ತದೆ. ಬಟ್ಟೆ ಬದಲಾಯಿಸಲು ಬಾಗಿಲಿರುವ ಕೋಣೆ, ನೀರಿರುವ ಶೌಚಾಲಯ, ತಿಂಗಳ ಆ ದಿನಗಳಲ್ಲಿ ಸಂಕೋಚವಿಲ್ಲದೆ ಹೇಳಿಕೊಳ್ಳಬಹುದಾದ ಒಬ್ಬ ಹಿರಿಯಳು, ಇವುಗಳ ಅಗತ್ಯವನ್ನು ಒಳ್ಳೆಯ ಮನಸ್ಸಿನ ಗಂಡಸು ತಿಳಿಹೇಳಿದರೆ ಒಪ್ಪಿಯಾನು. ಹೇಳುವ ಮೊದಲೇ ಬಲ್ಲವಳು ಅದನ್ನು ಅನುಭವಿಸಿದ ಹೆಂಗಸು ಮಾತ್ರ. ಆದುದರಿಂದಲೇ ನಾಯಕತ್ವದ ಸ್ಥಾನಗಳಲ್ಲಿ ಸ್ತ್ರೀಯರು ಇರಬೇಕೆಂಬುದು ಗೌರವದ ಮಾತಿಗಿಂತ ಮೊದಲು ಕೆಲಸದ ಮಾತು.

ಜಗತ್ತಿನ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಒಲಿಂಪಿಕ್ಸಿನ ಅಥ್ಲೆಟಿಕ್ಸಿಗೆ ಹೆಂಗಸರನ್ನು ಸೇರಿಸಲೊಲ್ಲದ ಹಿರಿಯರ ಮುಂದೆ ಬೇಡುತ್ತ ಕೂರದೆ, ಫ್ರಾನ್ಸಿನ ಆಲಿಸ್ ಮಿಲಿಯಾ ಎಂಬ ಮಹಿಳೆ 1921ರಲ್ಲಿ ಸ್ತ್ರೀಯರದೇ ಆದ ಅಂತರರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ, ಮರುವರ್ಷ ಪ್ಯಾರಿಸಿನಲ್ಲಿ ಪ್ರತ್ಯೇಕ ಕ್ರೀಡಾಕೂಟವನ್ನೇ ನಡೆಸಿದಳು. ಅದರ ಒತ್ತಡದಿಂದ 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರಿಗೆ ಐದು ಸ್ಪರ್ಧೆಗಳು ದೊರೆತವು. 800 ಮೀಟರ್ ಓಟ ಅವರ ದೇಹಕ್ಕೆ ತಾಳದೆಂದು ತೀರ್ಮಾನಿಸಿ ಅದನ್ನು ಕೂಡಲೇ ಕಿತ್ತುಕೊಂಡವರು, 1960ರವರೆಗೆ ಮರಳಿ ಕೊಡಲಿಲ್ಲ. ಕೊಟ್ಟದ್ದನ್ನು ಕಾಯುವವರೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಮತ್ತೆ ಕಲಬುರಗಿಗೇ ಬರುತ್ತೇನೆ. ನೂಶಿನ್ ಅವರ ಬಳಿಕ ಈ ಜಿಲ್ಲೆಯೊಂದಿಗೆ ಸಂಬಂಧವುಳ್ಳ ಮತ್ತೊಬ್ಬ ಆಫ್ ಸ್ಪಿನ್ನರ್ ಪ್ರಸಿದ್ಧಿಗೆ ಬಂದಿದ್ದಾಳೆ: ಕಲಬುರಗಿ ಮೂಲದ ಮನೆತನದ, ಬೆಂಗಳೂರಿನಲ್ಲಿ ಬೆಳೆದ ಶ್ರೇಯಾಂಕಾ ಪಾಟೀಲ. 2024ರ ಮಾರ್ಚ್ 17ರಂದು ದಿಲ್ಲಿಯಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗಿನ ಅಂತಿಮ ಪಂದ್ಯದಲ್ಲಿ 12 ರನ್ನುಗಳಿಗೆ 4 ವಿಕೆಟ್ ಪಡೆದು, ಬೆಂಗಳೂರಿನ ತಂಡಕ್ಕೆ ಪ್ರಶಸ್ತಿಯನ್ನು ತಂದುಕೊಟ್ಟವರಲ್ಲಿ ಆಕೆ ಪ್ರಮುಖಳು. ಆಗ ಅವಳಿಗೆ ಇಪ್ಪತ್ತೊಂದು ವರ್ಷ. ಒಂದೇ ಜಿಲ್ಲೆಯ ಹೆಸರು, ಒಂದೇ ಬಗೆಯ ಬೌಲಿಂಗು, ನಡುವೆ ಸುಮಾರು ಇಪ್ಪತ್ತು ವರ್ಷ. ಪ್ರತಿಭೆಯಲ್ಲಿ ಇಬ್ಬರ ನಡುವೆ ತಾರತಮ್ಯವೆಣಿಸಲು ನನಗೆ ಕಾರಣ ಕಾಣುವುದಿಲ್ಲ. ಮೊದಲನೆಯವಳು ಜಗತ್ತಿನ ಅಗ್ರ ಬೌಲರಾದರೂ ಅವಳನ್ನು ಊರೇ ಅರಿಯಲಿಲ್ಲ. ಎರಡನೆಯವಳ ಒಂದು ಸಂಜೆಯ ಆಟವನ್ನು ನಾಡೆಲ್ಲ ಕಣ್ಣಾರೆ ಕಂಡಿತು. ಈ ವ್ಯತ್ಯಾಸವನ್ನು ಉಂಟುಮಾಡಿದುದು ನಡುವಣ ಅವಧಿಯಲ್ಲಿ ಕಟ್ಟಿದ ವ್ಯವಸ್ಥೆ. 2025ರ ನವೆಂಬರ್ 2ರಂದು ಭಾರತ ಕೊನೆಗೂ ಏಕದಿನ ವಿಶ್ವಕಪ್ಪನ್ನು ಗೆದ್ದಾಗ, ಆಟಗಾರ್ತಿಯರು ಅದನ್ನು ಅಂಗಳದಲ್ಲಿಯೇ ಮಿಥಾಲಿ ರಾಜ್, ಝೂಲನ್ ಗೋಸ್ವಾಮಿ, ಅಂಜುಮ್ ಚೋಪ್ರಾ ಅವರ ಕೈಗೆ ಒಪ್ಪಿಸಿದರು. ಆ ಮೂವರೂ 2005ರ ಸೆಂಚುರಿಯನ್ನಿನ ಸೋಲಿನ ಪಾಲುದಾರರು. ಆಡಿದ ಹುಡುಗಿಯರಿಗೆ ಚರಿತ್ರೆ ತಿಳಿದಿತ್ತು.

ಕ್ರಿಕೆಟ್ಟಿಗೆ ಹಣ ಬಂದಿದೆ, ಆದರೆ ಕಮಲಾಪುರದ ಹುಡುಗಿಗೆ ಹತ್ತಿರದ ಆಟಗಳು ಖೋಖೋ, ಕಬಡ್ಡಿ. ಕಾರ್ಕಳ ತಾಲೂಕಿನ ಹಳ್ಳಿಯಿಂದ ಬಂದು 2012ರ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ಪಿನಲ್ಲಿ ಭಾರತವನ್ನು ಮುನ್ನಡೆಸಿ ಗೆದ್ದ ಮಮತಾ ಪೂಜಾರಿ, ಅಂಥದೇ ಊರಿನ ಅಂಥದೇ ಆಟದಿಂದ ಎಲ್ಲಿಯವರೆಗೆ ಹೋಗಬಹುದೆಂದು ತೋರಿಸಿದವರು. ಅವರನ್ನೂ ದಡ ಸೇರಿಸಿದುದು ರೈಲ್ವೆಯ ನೌಕರಿಯೇ. ಇಂಥ ಹುಡುಗಿಯರಿಗೆ ದಾರಿ ಮಾಡಿಕೊಡುವ ಕಾರ್ಯ ಕಲಬುರಗಿಗೆ ಅಸಾಧ್ಯವೇನಲ್ಲ. ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದೇ ಅಪರೂಪವಾಗಿದ್ದ ಸೀಮೆಯಲ್ಲಿ ಗೋದೂತಾಯಿಯವರ ಹೆಸರಿನ ಕಾಲೇಜು, ವೀರಮ್ಮ ಗಂಗಸಿರಿ ಕಾಲೇಜು, ಬೀಬಿ ರಜಾ ಕಾಲೇಜುಗಳನ್ನು ಪ್ರತ್ಯೇಕವಾಗಿ ಅವರಿಗೆಂದೇ ಕಟ್ಟಿದ ನಗರವಿದು. ಓದಿನ ವಿಷಯದಲ್ಲಿ ತಾಯಂದಿರ ಭರವಸೆಯನ್ನು ಗಳಿಸಿದ ಮಾರ್ಗವೇ ಆಟಕ್ಕೂ ಸಲ್ಲುತ್ತದೆ. ಆಡಿ ನಿವೃತ್ತರಾದ ಜಿಲ್ಲೆಯ ಮಹಿಳೆಯರನ್ನು ವರ್ಷಕ್ಕೊಮ್ಮೆ ಶಾಲು ಹೊದಿಸಿ ಕಳುಹಿಸುವ ಬದಲು ತರಬೇತುದಾರರಾಗಿ ಸಂಬಳ ಕೊಟ್ಟು ನೇಮಿಸಬೇಕು. ಕ್ರೀಡಾ ಸಂಸ್ಥೆಗಳ ಆಯ್ಕೆ ಸಮಿತಿಗಳಲ್ಲಿ ಅವರಿಗೆ ಮತದ ಹಕ್ಕಿನೊಡನೆ ಸ್ಥಾನವಿರಬೇಕು. ತಾಲೂಕಿನ ಪ್ರತಿ ಪ್ರೌಢಶಾಲೆಗೂ ಒಬ್ಬ ದೈಹಿಕ ಶಿಕ್ಷಕಿ, ಜಿಲ್ಲಾಮಟ್ಟದ ಪಂದ್ಯಗಳಿಗೆ ಹೋಗಿ ಬರಲು ಒಂದು ವಾಹನ, ಕಲಬುರಗಿಯ ಕ್ರೀಡಾಂಗಣದ ಸಮೀಪದಲ್ಲಿ ದೂರದ ಹಳ್ಳಿಗಳ ಹುಡುಗಿಯರು ರಾತ್ರಿ ತಂಗಬಹುದಾದ, ಶಿಕ್ಷಕಿಯೊಬ್ಬಳು ಜೊತೆಯಲ್ಲಿರುವ ವಸತಿಗೃಹ, ಇಷ್ಟು ಆಗಬೇಕು. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದು ವರ್ಷವರ್ಷವೂ ತೆಗೆದಿಡುವ ಹಣದಲ್ಲಿ ಇದಕ್ಕೆ ತಗಲುವ ಪಾಲು ಅತ್ಯಲ್ಪ. ಪ್ರಯೋಗವನ್ನು ಹೊಸ ತಾಲೂಕಾದ ಕಮಲಾಪುರದಿಂದಲೇ, ಬರುವ ದಸರಾ ಕ್ರೀಡಾಕೂಟಕ್ಕೆ ಮುಂಚೆಯೇ ಆರಂಭಿಸಬಹುದು.